ಬರಿಗಾಲ ಮೇಸ್ತ್ರಿ ಹಾಸಿದ ನೆಲ

ಮೇಸ್ತ್ರಿ ಮೊದಲ ಸಲ ಮನೆಗೆ ಬಂದ ದಿನ ಟೀಚರ್ ಕಣ್ಣಿಗೆ ಬಿದ್ದದ್ದು ಅವರ ಚಪ್ಪಲಿ. ಮನೆಗೆ ಇನ್ನೂ ಬಾಗಿಲಿರಲಿಲ್ಲ, ಬರೀ ಚೌಕಟ್ಟು ನಿಂತಿತ್ತು. ಒಳಗೆ ಒರಟು ಕಾಂಕ್ರೀಟು, ಅದರ ಮೇಲೆ ಮರದ ಸಿಬಿರು, ಮೊಳೆ, ಇಟ್ಟಿಗೆಯ ಚೂರು. ಬಡಗಿ, ಪ್ಲಂಬರ್, ವೈರಿಂಗಿನವನು ಎಲ್ಲರೂ ಮೆಟ್ಟಿಕೊಂಡ ಕಾಲಲ್ಲೇ ಓಡಾಡುತ್ತಿದ್ದ ಜಾಗ ಅದು. ಈ ಮನುಷ್ಯ ಮಾತ್ರ ಚೌಕಟ್ಟಿನ ಹೊರಗೆ ಚಪ್ಪಲಿ ಬಿಟ್ಟು, ಎರಡನ್ನೂ ಜೋಡಿಸಿ, ಮೂತಿಯನ್ನು ಬೀದಿಯ ಕಡೆ ತಿರುಗಿಸಿಟ್ಟು ಒಳಗೆ ಬಂದರು.

"ಮೊಳೆ ಬಿದ್ದಿವೆ, ನೋಡ್ಕೊಂಡು ಬನ್ನಿ," ಎಂದಳು ಟೀಚರ್.

"ಇರ್ಲಿ ಬಿಡಿ. ಮೊಳೆ ಎಲ್ಲಿದೆ ಅಂತ ಕಾಲಿಗೆ ಗೊತ್ತಾಗುತ್ತೆ."

ಐವತ್ತರ ಆಸುಪಾಸಿನ ತೆಳು ಮೈ. ಕಿವಿಯ ಮೇಲೆ ಒಂದು ಮೋಟು ಪೆನ್ಸಿಲು. ಮಡಚಿದ ಪ್ಯಾಂಟಿನ ಕೆಳಗೆ ಕಾಣುತ್ತಿದ್ದ ಮಂಡಿಗಳ ಚರ್ಮ ಹಳೇ ಟೈರಿನಂತೆ ದಪ್ಪಗಟ್ಟಿತ್ತು. ಅವರು ಗೋಡೆಯಿಂದ ಗೋಡೆಗೆ, ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕರು ನಡೆಯುವ ಹಾಗೆ ನಿಧಾನವಾಗಿ ನಡೆದರು. ಕಣ್ಣು ಅರ್ಧ ಮುಚ್ಚಿತ್ತು. ಹಾಲ್‌ನ ನಡುವೆ ಒಂದು ಕಡೆ ನಿಂತು, ಹಿಮ್ಮಡಿಯನ್ನು ಎರಡು ಸಲ ಊರಿ, "ಇಲ್ಲಿ ಒಂದು ಬೆರಳು ತಗ್ಗು," ಎಂದರು.

ಟೀಚರ್‌ಗೆ ನಗು ಬಂತು. ಅವಳು ವಿಜ್ಞಾನ ಪಾಠ ಮಾಡುವವಳು. ಅಳತೆ ಅಂದರೆ ಅಳತೆಗೋಲು, ತೂಕ ಅಂದರೆ ತಕ್ಕಡಿ. ಅವಳ ಮುಖ ನೋಡಿದ ಮೇಸ್ತ್ರಿ ಚೀಲದಿಂದ ರಸಮಟ್ಟ ತೆಗೆದು ನೆಲಕ್ಕಿಟ್ಟರು. ಗಾಜಿನ ಕೊಳವೆಯೊಳಗಿನ ಗುಳ್ಳೆ ಜಾರಿ ಒಂದು ಬದಿಗೆ ಹೋಗಿ ಕೂತಿತು. ಅದರ ಅಡಿಗೆ ಬೆರಳು ತೂರಿಸಿದರು. ಸರಿಯಾಗಿ ಒಂದು ಬೆರಳು.

"ಕಣ್ಣು ಒಂದೊಂದ್ಸಲ ಮೋಸ ಹೋಗುತ್ತೆ ಟೀಚರ್. ಅಂಗಾಲು ಹೋಗಲ್ಲ," ಎಂದು ಒಂದು ಮಗ್ ನೀರು ಕೇಳಿ, ಬಟ್ಟೆ ಒಗೆಯುವ ಮೂಲೆಯಲ್ಲಿ ಸುರಿದು, ಅದು ಯಾವ ದಾರಿ ಹಿಡಿಯುತ್ತದೆ ಎಂದು ಕುಕ್ಕರಗಾಲಲ್ಲಿ ಕೂತು ನೋಡಿದರು. ಪೂರ್ತಿ ಇಂಗುವವರೆಗೂ ಏಳಲಿಲ್ಲ. ಅಷ್ಟು ಹೊತ್ತು ಟೀಚರ್ ಕೂಡ ನಿಂತೇ ಇದ್ದಳು. ಇಂಥವರು ತನ್ನ ನೆಲ ಹಾಸಬೇಕು ಎಂದು ಆಗಲೇ ತೀರ್ಮಾನಿಸಿಬಿಟ್ಟಳು. ಈ ಮಾತು ಮುಂದೆ ಆರು ವರ್ಷ ಅವಳಿಗೆ ಮರೆತೇಹೋಯಿತು.

ನೆಲದ ಮೇಲೆ ಅವಳಿಗೆ ಅಷ್ಟು ಮೋಹ ಇರಲು ಕಾರಣವಿತ್ತು. ಅವಳ ವಂಶದಲ್ಲಿ ಪದವಿ ಓದಿದವಳು ಅವಳೇ ಮೊದಲು. ಹುಟ್ಟಿ ಬೆಳೆದದ್ದು ಹಳ್ಳಿಯ ಮಣ್ಣಿನ ನೆಲದ ಮನೆಯಲ್ಲಿ. ವರ್ಷಕ್ಕೊಮ್ಮೆ ಅವಳ ತಾಯಿ ಮಣ್ಣು ಕಲಸಿ, ಮರದ ಹಲಗೆಯಿಂದ ಬಡಿದು ಬಡಿದು ನೆಲ ಗಟ್ಟಿ ಮಾಡುತ್ತಿದ್ದಳು. ಆ ನೆಲದ ಮೇಲೆ ಬೋರಲು ಮಲಗಿ ಹೋಮ್‌ವರ್ಕ್ ಬರೆದು ಶಾಲೆಗೆ ಹೋದರೆ ಲಂಗದ ಮೇಲಿನ ಮಣ್ಣಿನ ಕಲೆ ಅವಳಿಗಿಂತ ಮೊದಲು ತರಗತಿ ಹೊಗುತ್ತಿತ್ತು. ಹಿಂದಿನ ಬೆಂಚಿನವರು ಕಿಸಕ್ಕನೆ ನಗುತ್ತಿದ್ದರು. ದೊಡ್ಡವಳಾದ ಮೇಲೆ ಹಾಲಿನಂಥ ನೆಲದ ಮೇಲೆ ನಡೆಯಬೇಕೆಂಬ ಆಸೆ ಆಗಲೇ ಮೊಳೆತಿತ್ತು. ಗಂಡನಿಗೂ ಅವಳಿಗೂ ನೌಕರಿ ಸಿಕ್ಕಿ ಹತ್ತು ವರ್ಷವಾದ ಮೇಲೆ, ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಎದ್ದಿತು. ಗಂಡ ರೈಲಿನ ಸಿಗ್ನಲ್ ವಿಭಾಗದವನು, ತಿಂಗಳಲ್ಲಿ ಅರ್ಧದಷ್ಟು ದಿನ ಹೊರಗೇ. ಮನೆ ಕಟ್ಟಿಸಿದ್ದು ಅವಳು. ಹಗಲೆಲ್ಲ ಕಾವಲು ಕೂತದ್ದು ತಾಯಿ.

ಬೀದಿಯಲ್ಲಿ ಹನ್ನೆರಡು ಮನೆ. ಎಲ್ಲ ಒಂದೇ ತಾಯಿಯ ಮಕ್ಕಳ ಹಾಗೆ: ಎದೆಯೆತ್ತರದ ಕಾಂಪೌಂಡು, ಕಬ್ಬಿಣದ ಗೇಟು, ಮೇಲೊಂದು ಕಪ್ಪು ನೀರಿನ ಟ್ಯಾಂಕು. ತಮ್ಮ ಮನೆ ಯಾವುದು ಎಂದು ನಾಯಿಗಳೇ ಗೇಟು ಮೂಸಿ ಖಾತ್ರಿ ಮಾಡಿಕೊಳ್ಳುತ್ತಿದ್ದವು. ಹೊಸ ಬಡಾವಣೆಯೆಂದರೆ ಯಾರಿಗೆ ಯಾರೂ ಗೊತ್ತಿಲ್ಲದ ಜಾಗ. ಅದಕ್ಕೇ ಎಲ್ಲರಿಗೂ ಎಲ್ಲರ ಮೇಲೆ ಕಣ್ಣು. ಕಣ್ಣಿನ ಜೊತೆ ಕೋಲನ್ನೂ ಇಟ್ಟುಕೊಂಡವರು ಎದುರುಮನೆಯ ನಿವೃತ್ತ ಓವರ್‌ಸಿಯರ್. ಮೂವತ್ತು ವರ್ಷ ಸೇತುವೆಗಳ ಕೆಲಸ ನೋಡಿದವರು. ಅವರ ಊರುಗೋಲಿನ ತುದಿಗೆ ಕಬ್ಬಿಣದ ಬಳೆ ಇತ್ತು. ಯಾರ ಹೊಸ ಮನೆಗೆ ಹೋದರೂ ಗೋಡೆ ನೆಲ ಬಡಿದು ನೋಡಿ ತೀರ್ಪು ಹೇಳುತ್ತಿದ್ದರು. ಅವರು "ಪರವಾಗಿಲ್ಲ" ಎಂದರೆ ಬೀದಿಯಲ್ಲಿ ಅದೇ ಚಿನ್ನದ ಪದಕ.

ಮೇಸ್ತ್ರಿಯ ಕೆಲಸ ಇಪ್ಪತ್ತು ದಿನ ನಡೆಯಿತು. ಟೀಚರ್ ಬೆಳಿಗ್ಗೆ ಶಾಲೆಗೆ ಹೋಗುವಾಗ ಅವರು ದಾರ ಎಳೆದು ಕಟ್ಟಿರುತ್ತಿದ್ದರು. ಸಂಜೆ ಬರುವಾಗ ಎರಡು ಸಾಲು ಟೈಲು ಕೂತಿರುತ್ತಿದ್ದವು. ಹಾಲುಬಿಳಿ ಬಣ್ಣ, ನಡುವೆ ತೆಳು ಬೂದು ಗೆರೆ. ಒಂದೊಂದನ್ನೂ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಕಿವಿ ಕೊಟ್ಟು ಕೇಳಿ ಕೂರಿಸಿದ್ದು. ಮಧ್ಯಾಹ್ನ ತಾಯಿ ಅವರಿಗೆ ಚಹಾ ಮಾಡಿ ಕೊಡುತ್ತಿದ್ದಳು. ಮೇಸ್ತ್ರಿ ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಇಬ್ಬರೂ ನೆಲದ ಮೇಲೇ ಕೂತು ಏನೇನೋ ಮಾತಾಡುತ್ತಿದ್ದರು. ಸಂಜೆ ತಾಯಿ ಅದನ್ನೆಲ್ಲ ಹೇಳಲು ಬಂದರೆ ಟೀಚರ್ ಉತ್ತರಪತ್ರಿಕೆಗಳಿಂದ ತಲೆಯೆತ್ತದೆ "ಹ್ಞೂಂ, ಹ್ಞೂಂ" ಎನ್ನುತ್ತಿದ್ದಳು.

ಒಂದು ಸಂಜೆ ತಾಯಿ, "ಮಗಾ, ಅಡುಗೆಮನೆ ಮುಂದೆ ಒಂದು ಕಲ್ಲು ಬೇರೆ ಥರ ಹಾಕಿದಾರೆ, ಬಂದು ನೋಡು," ಎಂದಳು.

"ಅಮ್ಮ, ಅದು ಕಲ್ಲಲ್ಲ, ಟೈಲು. ನಾಳೆ ನೋಡ್ತೀನಿ."

ನಾಳೆ ಅವಳಿಗೆ ಬೇರೆ ಕೆಲಸವಿತ್ತು.

ಮನೆಗೆ ಬಂದ ಮೊದಲ ಭಾನುವಾರ ಟೀಚರ್ ಬೀದಿಯವರನ್ನೆಲ್ಲ ಚಹಾಕ್ಕೆ ಕರೆದಳು. ಹಾಲಿನಲ್ಲಿ ಕುರ್ಚಿ ಸಾಲದೆ ಅರ್ಧ ಜನ ನಿಂತಿದ್ದರು. ಮೇಸ್ತ್ರಿ ಹೊರಗೆ ಮೆಟ್ಟಿಲಿನ ಸಂದುಗಳಿಗೆ ಬಿಳಿ ಸಿಮೆಂಟು ತುಂಬುತ್ತಿದ್ದರು, ಅದೊಂದು ಉಳಿದಿತ್ತು. ಪಕ್ಕದ ಮನೆಯ ನರ್ಸ್ ನೆಲದ ಮೇಲೆ ಕಾಲಾಡಿಸಿ, "ಏನ್ ನುಣುಪು ಟೀಚರ್! ನಮ್ಮ ಆಸ್ಪತ್ರೆ ರೋಗಿಗಳೂ ಇಲ್ಲಿ ಜಾರೋಕೆ ಇಷ್ಟ ಪಡ್ತಾರೆ. ಸೋಮವಾರದಿಂದ ಈ ಬರಿಗಾಲ ಮೇಸ್ತ್ರಿ ನಮ್ಮನೆಗೇ," ಎಂದಳು. ಇನ್ನೆರಡು ಮನೆಯವರೂ ಅವರನ್ನೇ ಕೇಳಿಟ್ಟಿದ್ದರು. ಟೀಚರ್ ಉಬ್ಬಿಹೋದಳು. ಲಂಗದ ಮೇಲಿನ ಆ ಹಳೇ ಕಲೆ ಅವತ್ತು ತೊಳೆದುಹೋಯಿತು ಅನ್ನಿಸಿತು.

ಅಷ್ಟರಲ್ಲಿ ಓವರ್‌ಸಿಯರ್ ಕೋಲು ಹಿಡಿದು ಎದ್ದರು. ಠಕ್. ಠಕ್. ಠಕ್. ಹಾಲು ದಾಟಿ ಅಡುಗೆಮನೆಯ ಮುಂದಿನ ಓಣಿಯಂಥ ಇಕ್ಕಟ್ಟು ಜಾಗಕ್ಕೆ ಬಂದರು. ಠಕ್. ಠಕ್. ಡಬ್.

ಅವರು ಅದೇ ಜಾಗಕ್ಕೆ ಮತ್ತೆ ಬಡಿದರು. ಡಬ್, ಡಬ್.

"ಟೊಳ್ಳು," ಎಂದರು ಓವರ್‌ಸಿಯರ್. "ಒಳಗೆ ಸಿಮೆಂಟೇ ಇಲ್ಲ, ಟೀಚರ್. ಮೇಲೆ ಥಳಕು, ಒಳಗೆ ಹುಳುಕು. ಒಂದು ಕಡೆ ಹೀಗೆ ಮಾಡಿದವ್ನು ಎಷ್ಟು ಕಡೆ ಮಾಡಿದಾನೋ!"

ಹತ್ತಿಪ್ಪತ್ತು ಕಣ್ಣು ಒಟ್ಟಿಗೇ ಅವಳ ಮುಖಕ್ಕೆ ತಿರುಗಿದವು. ಹಿಂದಿನ ಬೆಂಚಿನ ನಗು ಮತ್ತೆ ಕಿವಿಗೆ ಬಂದ ಹಾಗಾಯಿತು. ಅವಳು ಮೇಸ್ತ್ರಿಯನ್ನು ಒಳಗೆ ಕರೆದಳು. ಅವರು ಕೈಯ ಸಿಮೆಂಟು ಒರೆಸಿಕೊಳ್ಳುತ್ತ ಬಂದು ನಿಂತರು. ಅಲ್ಲಿಯವರೆಗೆ ಒಂದು ದಿನವೂ ಅವರನ್ನು 'ನೀವು' ಎನ್ನದೆ ಮಾತಾಡಿಸದವಳು ಅಂದು ಬಾಯಿ ತೆರೆದಾಗ ಬಂದದ್ದು ಬೇರೆ.

"ಏನಿದು? ಏನ್ ಮಾಡಿಟ್ಟಿದ್ದೀಯ ಇಲ್ಲಿ?"

ಮೇಸ್ತ್ರಿ ಟೈಲಿನ ಕಡೆ ಕೈ ತೋರಿಸಿದರು. "ಅದು ಬೇಕಂತಲೇ ಹಾಗೆ ಬಿಟ್ಟಿದ್ದು ಟೀಚರ್. ಕೆಳಗೆ ಮರಳು..."

"ಬೇಕಂತಲೇ!" ಓವರ್‌ಸಿಯರ್ ಕೋಲು ಎತ್ತಿದರು. "ಕೇಳಿದ್ರಾ? ಬಾಯಿ ಬಿಡಿಸೋ ಮೊದಲೇ ಒಪ್ಕೊಂಡ ಪುಣ್ಯಾತ್ಮ!"

ಜನ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ತಾಯಿ ಒದ್ದೆ ಕೈಯಲ್ಲೇ ನಿಂತಿದ್ದಳು. "ಇಲ್ಲ ಮಗಾ, ಅವ್ರು ನಂಗೆ ತೋರ್ಸಿದಾರೆ, ಅದು ನೆಲದ..." ಎಂದು ಹಳ್ಳಿಯ ದೊಡ್ಡ ದನಿಯಲ್ಲಿ ಶುರು ಮಾಡಿದಳು. ಆ ದನಿ, ಆ ಒದ್ದೆ ಕೈ, ಎತ್ತಿ ಕಟ್ಟಿದ ಆ ಸೆರಗು. ಇಷ್ಟು ಜನರ ಮುಂದೆ ಮನೆಯ ನೆಲದ ಬಗ್ಗೆ ಮಣ್ಣು ಬಡಿದವಳು ಸಾಕ್ಷಿ ಹೇಳಬೇಕೆ?

"ಅಮ್ಮ, ಒಳಗೆ ಹೋಗು. ನಿಂಗೇನು ಗೊತ್ತಾಗುತ್ತೆ ಇದೆಲ್ಲ."

ತಾಯಿ ಒಳಗೆ ಹೋದಳು. ಮೇಸ್ತ್ರಿ ಅವಳು ಹೋದ ಕಡೆಯೇ ನೋಡಿದರು. 'ದೊಡ್ಡಮ್ಮನ್ನೇ ಕೇಳಿ' ಎನ್ನಬಹುದಿತ್ತು. ಅನ್ನಲಿಲ್ಲ. "ಕಿತ್ತು ಸಿಮೆಂಟಲ್ಲೇ ಹಾಕಿ ಕೊಡ್ಲಾ?" ಎಂದು ಮೆಲ್ಲಗೆ ಕೇಳಿದರು.

"ಬೇಡ. ಇಷ್ಟು ಮಾಡಿದ್ದೇ ಸಾಕು."

ಅವರು ಚೀಲ, ಕರಣಿ, ರಸಮಟ್ಟ ಎತ್ತಿಕೊಂಡು ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟಿಕೊಂಡು ಹೋದರು. ಮೆಟ್ಟಿಲಿನ ಕೊನೆಯ ಸಂದು ತುಂಬುವುದು ಬಾಕಿಯಿತ್ತು. ಹೋಗುವ ಮುಂಚೆ ಅದನ್ನೂ ತುಂಬಿ ಒರೆಸಿಟ್ಟೇ ಹೋಗಿದ್ದು ಸಂಜೆ ಕಣ್ಣಿಗೆ ಬಿತ್ತು.

ಯಾರಾದರೂ ಏನಾದರೂ ಹೇಳಬೇಕಿತ್ತು. ಟೀಚರೇ ಹೇಳಿದಳು: "ಬರಿಗಾಲ ಮೇಸ್ತ್ರಿ ಅಂತ ಕರ್ಕೊಂಡು ಬಂದೆ. ಟೊಳ್ಳು ಮೇಸ್ತ್ರಿ ಅಂತ ಗೊತ್ತಿರಲಿಲ್ಲ."

ಎಲ್ಲರೂ ಛಾವಣಿ ಹಾರಿಹೋಗುವಂತೆ ನಕ್ಕರು. ಓವರ್‌ಸಿಯರ್ ಕಣ್ಣೊರೆಸಿಕೊಂಡು, "ಟೀಚರ್ ಭಾರೀ ಕಣ್ರೀ!" ಎಂದರು. ಆ ಬೀದಿ ಅವಳನ್ನು ತನ್ನವಳು ಅಂದುಕೊಂಡದ್ದು ಆ ಒಂದು ಮಾತಿನಿಂದ. ಅಂದಿನಿಂದ ಅವಳ ಗೇಟಿನ ಮುಂದೆ ನಿಂತು ಮಾತಾಡದೆ ಯಾರೂ ಮುಂದೆ ಹೋಗುತ್ತಿರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೋಮವಾರ ನರ್ಸ್ ಮೇಸ್ತ್ರಿಗೆ ಬರಬೇಡಿ ಎಂದು ಫೋನು ಮಾಡಿದಳು. ಉಳಿದೆರಡು ಮನೆಯವರೂ ಹಾಗೆಯೇ ಮಾಡಿದರು. ಟೊಳ್ಳು ಮೇಸ್ತ್ರಿ ಎಂಬ ಹೆಸರು ಬೀದಿ ದಾಟಿ, ಪಕ್ಕದ ಬಡಾವಣೆ ಹೊಕ್ಕು, ಮನೆ ಕಟ್ಟಿಸುವ ಗುತ್ತಿಗೆದಾರರ ಬಾಯಿಗೂ ಬಿತ್ತು. ಅವರ ಕೆಲಸ ಹೇಗಿತ್ತೆಂದು ಯಾರೂ ಹೋಗಿ ನೋಡಲಿಲ್ಲ. ಅಂಥ ಹೆಸರಿದ್ದ ಮೇಲೆ ನೋಡುವುದೇನು?

ಆ ಸಂಜೆಯೇ ತಾಯಿ ಹಳೇ ಬಟ್ಟೆಯಲ್ಲಿ ತಾನು ಹೆಣೆದ ಕಾಲೊರಸನ್ನು ತಂದು ಆ ಟೈಲಿನ ಮೇಲೆ ಹಾಸಿದಳು. ಮಗಳಿಗೆ ಇನ್ನೊಮ್ಮೆ ಅವಮಾನವಾಗಬಾರದೆಂದು ಹಾಗೆ ಮಾಡಿದಳು ಎಂದುಕೊಂಡಳು ಟೀಚರ್.

ಆರು ವರ್ಷ ಹೋಯಿತು. ಒಂದು ಬೇಸಿಗೆಯಲ್ಲಿ ಬೆಳಿಗ್ಗೆ ತುಂಬಿದ ಟ್ಯಾಂಕು ಮಧ್ಯಾಹ್ನಕ್ಕೇ ಬರಿದಾಗತೊಡಗಿತು. ನಲ್ಲಿಗಳೆಲ್ಲ ಬಿಗಿಯಾಗಿದ್ದವು. ಅಡುಗೆಮನೆಯ ಗೋಡೆಯ ಬುಡದಲ್ಲಿ ಬಣ್ಣ ಸುಟ್ಟ ಗಾಯದ ಬೊಬ್ಬೆಯಂತೆ ಎದ್ದಿತು. ಮನೆಗೆ ಪೈಪು ಹಾಕಿದ್ದ ಹಳೇ ಪ್ಲಂಬರ್ ಊರು ಬಿಟ್ಟಿದ್ದ. ಹೊಸಬ ಬಂದು ಗೋಡೆಗೆ ಕಿವಿಯಿಟ್ಟು, "ನೆಲದ ಒಳಗೇ ಎಲ್ಲೋ ಸೋರ್ತಿದೆ. ಎಲ್ಲಿ ಅಂತ ಹೇಳೋಕೆ ನಾನೇನು ಇಲಿನಾ ಮೇಡಂ? ಒಡೆದೇ ನೋಡ್ಬೇಕು," ಎಂದ.

ಓವರ್‌ಸಿಯರ್ ಕರೆಯದೆಯೇ ಬಂದರು. "ಹಾಲಿನಿಂದ ಶುರು ಮಾಡಿ ಅಡುಗೆಮನೆ ತನಕ ಒಂದು ಸಾಲು ತೆಗೀಬೇಕು. ಬೇರೆ ದಾರಿ ಇಲ್ಲ," ಎಂದು ಕೋಲಿನಿಂದ ಗೆರೆ ಎಳೆದು ತೋರಿಸಿದರು. ಹದಿನೈದು ಟೈಲು. ಆ ನಮೂನೆಯ ಟೈಲು ಅಂಗಡಿಗಳಿಗೆ ಬರುವುದು ನಿಂತು ವರ್ಷಗಳೇ ಆಗಿದ್ದವು.

ಪ್ಲಂಬರ್ ಉಳಿಯಿಟ್ಟು ಸುತ್ತಿಗೆ ಬೀಸಿದ. ಹಾಲಿನ ನಟ್ಟನಡುವಿನ ಟೈಲು ನಕ್ಷತ್ರದಂತೆ ಬಿರಿಯಿತು. ಟೀಚರ್ ಮುಖ ತಿರುಗಿಸಿಕೊಂಡಳು. ಒಡೆದದ್ದನ್ನು ಕೀಳಲು ಇನ್ನೂ ಹತ್ತು ಏಟು ಬೇಕಾಯಿತು; ಸಿಮೆಂಟು ಟೈಲನ್ನು ಅಷ್ಟು ಬಿಗಿಯಾಗಿ ಕಚ್ಚಿಕೊಂಡಿತ್ತು.

ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದ ತಾಯಿ ಸದ್ದು ಕೇಳಿ ಓಡಿಬಂದಳು. "ನಿಲ್ಸಪ್ಪ, ನಿಲ್ಸು! ಯಾಕೆ ಒಡೀತಿದ್ದೀರಾ?"

"ನೀರು ಸೋರ್ತಿದೆಯಲ್ಲ ಅಜ್ಜಿ."

"ಅದಕ್ಕೆ ಒಡೀಬೇಕಾ?"

ಅವಳು ಅಡುಗೆಮನೆಯಿಂದ ಎರಡು ಚಪ್ಪಟೆ ಸಟ್ಟುಗ ತಂದಳು. ಕಾಲೊರಸು ಸರಿಸಿ ಕೂತು ಟೈಲಿನ ಮೂಲೆಯನ್ನು ಬೆರಳಲ್ಲಿ ತಡವಿದಳು. ಅಲ್ಲಿ ಉಗುರು ಹಿಡಿಯುವಷ್ಟು ಒಂದು ಕಚ್ಚು ಇತ್ತು. ಸಟ್ಟುಗದ ತುದಿ ತೂರಿಸಿ ಮೀಟಿದಳು. ಸಂದಿನಲ್ಲಿದ್ದ ಮೆತ್ತನೆಯ ಮೇಣದಂಥದ್ದು ಬಿಟ್ಟುಕೊಂಡಿತು. ಟೈಲು ಡಬ್ಬಿಯ ಮುಚ್ಚಳದ ಹಾಗೆ ಎದ್ದುಬಂತು.

ಕೆಳಗೆ ಜರಡಿ ಹಿಡಿದ ಸಣ್ಣ ಮರಳು, ನೀರು ಕುಡಿದು ಕಪ್ಪಾಗಿತ್ತು. ನಡುವೆ ಮೂರು ಪೈಪು ಕೂಡುವ ಜಾಗ. ಅಲ್ಲಿಂದ ಹನಿ, ಹನಿ.

"ಅಬ್ಬಾ!" ಎಂದ ಪ್ಲಂಬರ್. "ಯಾರಜ್ಜಿ ಹಾಕಿದ್ದು ಇದನ್ನ? ಬರೀ ಹತ್ತು ನಿಮಿಷದ ಕೆಲ್ಸ. ನೆಲದ ಕೆಳಗೆ ಜಾಯಿಂಟು ಕೊಟ್ಟವ್ನು ಕತ್ತೆ. ಆದ್ರೆ ಇದನ್ನ ಹಾಕಿದವ್ರು ದೊಡ್ಡ ಮನುಷ್ಯ್ರು."

ಟೈಲಿನ ಹಿಂಬದಿಯಲ್ಲಿ ಪೆನ್ಸಿಲಿನ ಚಿತ್ರವಿತ್ತು. ಮೂರು ಗೆರೆ, ಮೂರು ಬಾಣ, ಸೊಟ್ಟ ಅಕ್ಷರದಲ್ಲಿ: ಅಡುಗೆ, ಬಚ್ಚಲು, ಹಿತ್ತಲು. ಚಿತ್ರ ಬರೆದು ಭಾಗಗಳನ್ನು ಗುರುತಿಸಿ ಎಂದು ಟೀಚರ್ ಪ್ರತಿ ಪರೀಕ್ಷೆಯಲ್ಲೂ ಮಕ್ಕಳನ್ನು ಕೇಳುತ್ತಿದ್ದಳು. ಇಷ್ಟು ಸ್ಪಷ್ಟವಾಗಿ ಬರೆದವರು ಕಡಿಮೆ.

ಓವರ್‌ಸಿಯರ್ ಬಗ್ಗಿ ನೋಡಿದರು. "ಹೀಗಿದೆ ಅಂತ ಅವನು ಹೇಳ್ಬೇಕಿತ್ತು ತಾನೇ? ಹೇಳಿದ್ರೆ ಯಾರು ಬೇಡ ಅಂತಿದ್ರು?"

ಟೀಚರ್‌ಗೆ ಉತ್ತರ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆಡಲಿಲ್ಲ. ಓವರ್‌ಸಿಯರ್ ಕೋಲೂರಿಕೊಂಡು ಗೇಟು ದಾಟಿದರು. ಆರು ವರ್ಷದ ಹಿಂದಿನ ಮಾತಿಗಿಂತ ಆ ಗಳಿಗೆಯ ಮೌನವೇ ಆಮೇಲೆ ಅವಳನ್ನು ಹೆಚ್ಚು ಸುಟ್ಟಿತು. ಮೊದಲನೆಯದು ತಿಳಿಯದೆ ಮಾಡಿದ್ದು. ಇದು ತಿಳಿದೂ ಮಾಡಿದ್ದು.

ಪ್ಲಂಬರ್ ಹೋದ ಮೇಲೆ ಅಡುಗೆಮನೆಯಲ್ಲಿ ಕೇಳಿದಳು. "ಅಮ್ಮ, ಇಷ್ಟು ವರ್ಷ ಒಂದು ಮಾತು ಹೇಳಬಾರ್ದಿತ್ತಾ?"

ತಾಯಿ ಸಟ್ಟುಗ ತೊಳೆಯುತ್ತಿದ್ದಳು. "ಹೇಳೋಕೆ ಬಂದಿದ್ದೆ. ನಿಂಗೇನು ಗೊತ್ತಾಗುತ್ತೆ ಅಂದ್ಯಲ್ಲ ಮಗಾ. ಸರಿ ಅಂತ ಸುಮ್ನಾದೆ." ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಅವತ್ತು ಆ ಮನುಷ್ಯ ಹೋಗ್ತಾ ಹಿತ್ತಲ ಕಡೆಯಿಂದ ಬಂದು, ಕಾಲೊರಸು ಹಾಕ್ಬಿಡಿ ದೊಡ್ಡಮ್ಮ, ಯಾರಾದ್ರೂ ಸಿಮೆಂಟು ಹಾಕ್ಸಿಬಿಟ್ರೆ ಮುಂದೆ ನಿಮಗೇ ಕಷ್ಟ ಅಂತ ಹೇಳಿ ಹೋದ್ರು. ಅದಕ್ಕೆ ಹಾಕ್ದೆ."

ಆ ದಿನ ಟೀಚರ್ ತಲೆಯೆತ್ತಿ ಕೇಳಿದಳು. ತಾಯಿ ಹೇಳಿದಳು. ಮೇಸ್ತ್ರಿ ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವರು. ಸೋದರಮಾವನ ಹಿಂದೆ ಗಾರೆ ಕಲಸುತ್ತ ಕೆಲಸ ಕಲಿತರು. ಮಾವ ಸಿಡುಕ, ತಪ್ಪಾದರೆ ಕರಣಿಯ ಹಿಡಿಯಿಂದ ಗೆಣ್ಣಿಗೆ ಕೊಡುತ್ತಿದ್ದ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಮೊದಲ ಸಲ ಸ್ವಂತವಾಗಿ ಒಪ್ಪಿಕೊಂಡ ಕೆಲಸ, ಒಬ್ಬ ಮುದುಕಿಯ ಅಡುಗೆಮನೆಯಲ್ಲಿ ನೀರು ಸೋರುವ ಜಾಗ ಹುಡುಕುವುದು. ಹುಡುಕುತ್ತ ಹುಡುಕುತ್ತ ನೆಲ ಪೂರ್ತಿ ಒಡೆದರು. ಸೋರುತ್ತಿದ್ದದ್ದು ಕಡೆಯ ಮೂಲೆಯಲ್ಲಿ. ಆ ನೆಲವನ್ನು ಮುದುಕಿಯ ಗಂಡ ಬದುಕಿದ್ದಾಗ ಕೈಯಾರೆ ಹಾಸಿದ್ದನಂತೆ. ಅವಳು ಬೈಯಲಿಲ್ಲ. ಚೂರುಗಳನ್ನೆಲ್ಲ ಆಯ್ದು ಒಂದು ಗೋಣಿಗೆ ತುಂಬಿ ಬಾಯಿ ಕಟ್ಟಿಟ್ಟಳು. "ಆವತ್ತಿಂದ ನಾನು ಎಲ್ಲೇ ಹಾಸಿದ್ರೂ, ಕೆಳಗೆ ಪೈಪು ಕೂಡೋ ಕಡೆ ಒಂದನ್ನ ಮರಳಿನ ಮೇಲೆ ಕೂರಿಸ್ತೀನಿ ದೊಡ್ಡಮ್ಮ. ನೆಲಕ್ಕೂ ಒಂದು ಬಾಗಿಲು ಬೇಕಲ್ವಾ," ಎಂದಿದ್ದರಂತೆ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಮದ್ದು ಆರು ವರ್ಷದಿಂದ ಮನೆಯಲ್ಲೇ ಇತ್ತು. ಅದನ್ನು ಬಲ್ಲ ತಾಯಿಯ ಕೈಯೇ ಅವಳಿಗೆ ದಿನಾ ಊಟ ಬಡಿಸುತ್ತಿತ್ತು.

ಮೇಸ್ತ್ರಿಯ ಹಳೇ ಫೋನ್ ನಂಬರು ಬೇರೆ ಯಾರದೋ ಆಗಿತ್ತು. ಟೈಲು ಅಂಗಡಿಗಳಲ್ಲಿ "ಬರಿಗಾಲ ಮೇಸ್ತ್ರಿ" ಎಂದರೆ ಹುಬ್ಬು ಗಂಟಿಕ್ಕಿದರು. ನಾಲ್ಕನೇ ಅಂಗಡಿಯವನು, "ಓ, ಟೊಳ್ಳು ಮೇಸ್ತ್ರಿನಾ?" ಎಂದ. ತಾನಿಟ್ಟ ಹೆಸರನ್ನು ಗುರುತೇ ಇಲ್ಲದವನ ಬಾಯಲ್ಲಿ ಕೇಳಿ, ಹೌದು ಅವರೇ ಎಂದು ಒಪ್ಪಿಕೊಳ್ಳಬೇಕಾಯಿತು. ಆಗಲೇ ವಿಳಾಸ ಸಿಕ್ಕಿದ್ದು.

ಅದು ಊರ ಹೊರಗಿನ ಟೈಲು ಗೋದಾಮು. ತಗಡಿನ ಛಾವಣಿಯ ಕೆಳಗೆ ಡಬ್ಬಗಳು ಗೋಡೆಯಂತೆ ಎದ್ದಿದ್ದವು. ಮೂಲೆಯ ಮೇಜಿನ ಬಳಿ ಮೇಸ್ತ್ರಿ ನಿಂತಿದ್ದರು. ಒಂದೊಂದೇ ಟೈಲನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ವಾಲಿಸಿ ಕೇಳುತ್ತಿದ್ದರು. ಹೆಚ್ಚಿನವು ಬಲಕ್ಕೆ, ಒಂದೆರಡು ಎಡಕ್ಕೆ. ಅವಳ ಕಣ್ಣು ತಾನಾಗಿ ಅವರ ಕಾಲಿಗೆ ಹೋಯಿತು. ಕಾಲಲ್ಲಿ ಕಬ್ಬಿಣದ ಮೂತಿಯ ದಪ್ಪ ಬೂಟು.

ಅವರು ಅವಳನ್ನು ತಕ್ಷಣ ಗುರುತಿಸಿದರು. ಬೂಟು ನೋಡಿದ್ದನ್ನೂ ಗಮನಿಸಿದರು.

"ಇಲ್ಲಿ ಹಾಕ್ಕೊಳ್ಳೇಬೇಕಂತೆ ಟೀಚರ್. ಕಾಲ ಮೇಲೆ ಏನಾದ್ರೂ ಬಿದ್ರೆ ಅಂತ. ದೊಡ್ಡಮ್ಮ ಹೇಗಿದಾರೆ?"

ಅವಳು ನೀರು ಸೋರಿದ್ದು, ತಾಯಿ ಟೈಲು ಎತ್ತಿದ್ದು ಹೇಳಿದಳು. ಹೇಳುತ್ತಿದ್ದಂತೆ ಮೇಸ್ತ್ರಿಯ ಮುಖ ಕೆಲಸಗಾರನ ಮುಖವಾಯಿತು.

"ಮರಳು ಒದ್ದೆ ಆಗಿತ್ತಲ್ಲ, ಒಣಗಿಸಿ ಹಾಕಿದ್ರಾ? ಹಸಿ ಮರಳಿನ ಮೇಲೆ ಹಾಗೇ ಮುಚ್ಚಿದ್ರೆ ಒಂದು ಕಡೆ ಕೂತ್ಕೊಳ್ಳುತ್ತೆ."

"ಅಮ್ಮ ಬಿಸಿಲಿಗೆ ಹರವಿದಾರೆ. ಮೇಸ್ತ್ರಿ, ನಾನು ಅವತ್ತು... ನಿಮಗೆ ಆ ಹೆಸರಿಟ್ಟಿದ್ದು ನಾನೇ. ನಂದು ತಪ್ಪಾಯ್ತು. ಅದನ್ನ ಹೇಳೋಕೇ ಬಂದೆ."

ಮೇಸ್ತ್ರಿ ಕೈಯಲ್ಲಿದ್ದ ಟೈಲನ್ನು ತಟ್ಟಿದರು. ಕೇಳಿದರು. ಬಲಕ್ಕಿಟ್ಟರು.

"ನಂಗೆ ಹೇಳಿ ಏನ್ ಬಂತು ಟೀಚರ್? ಅದು ಟೊಳ್ಳಲ್ಲ ಅಂತ ನಂಗೆ ಮೊದಲಿಂದ್ಲೂ ಗೊತ್ತಿತ್ತು."

ದೂರದಲ್ಲಿ ಲಾರಿಯೊಂದು ಹಿಂದಕ್ಕೆ ಬರುತ್ತ ಕೂಗುತ್ತಿತ್ತು. ಗೊತ್ತಿಲ್ಲದಿದ್ದವರು ಯಾರು ಎಂದು ಅವರು ಹೇಳಲಿಲ್ಲ. ಹೇಳುವುದು ಬೇಕಿರಲಿಲ್ಲ.

ಮುಂದಿನ ಶನಿವಾರ ಟೀಚರ್ ಬೀದಿಯವರನ್ನು ಮತ್ತೆ ಚಹಾಕ್ಕೆ ಕರೆದಳು. ಏನು ವಿಶೇಷ ಎಂದು ಎಲ್ಲರೂ ಕೇಳಿದರು. ಬನ್ನಿ ಎಂದಷ್ಟೇ ಅಂದಳು. ಹಾಲಿನ ನಡುವೆ ಒಡೆದ ಟೈಲಿನ ಗುಂಡಿ ಹಾಗೇ ಇತ್ತು, ಜನ ಅದನ್ನು ಸುತ್ತಿ ಕೂತರು. ಈ ಸಲ ತಾಯಿಯನ್ನು ತನ್ನ ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. ತಾಯಿಗೆ ಅದು ಮುಜುಗರ. ಎರಡು ಸಲ "ಚಹಾ ನೋಡ್ಬೇಕು ಮಗಾ" ಎಂದು ಏಳಲು ಹೋದಳು.

ಟೀಚರ್ ಕಾಲೊರಸು ತೆಗೆದು, ಸಟ್ಟುಗದಿಂದ ಟೈಲು ಎತ್ತಿ, ಹಿಂಬದಿಯ ಚಿತ್ರ ತೋರಿಸಿದಳು. "ಇದು ಮೋಸ ಅಲ್ಲ. ರಿಪೇರಿಗೆ ಅಂತ ಬಿಟ್ಟಿದ್ದ ಬಾಗಿಲು. ಅವರು ಅವತ್ತೇ ಹೇಳೋಕೆ ಬಂದ್ರು, ಅಮ್ಮನೂ ಬಂದ್ರು. ಇಬ್ಬರ ಬಾಯೂ ಮುಚ್ಚಿಸಿದ್ದು ನಾನು. ಟೊಳ್ಳು ಮೇಸ್ತ್ರಿ ಅಂತ ಹೆಸರಿಟ್ಟಿದ್ದೂ ನಾನೇ. ನೀವೆಲ್ಲ ಆ ಹೆಸರನ್ನ ಯಾರ್ಯಾರ ಹತ್ರ ಹೇಳಿದ್ರೋ, ದಯವಿಟ್ಟು ಅವ್ರಿಗೆ ಇದನ್ನೂ ಹೇಳಿ."

ಎಲ್ಲರೂ ಕಪ್ಪಿನೊಳಗೆ ನೋಡಿದರು. ಓವರ್‌ಸಿಯರ್, "ಆಗಿನ ಸಂದರ್ಭದಲ್ಲಿ ಸದ್ದು ಟೊಳ್ಳೇ ಇತ್ತು. ನಾನು ಸದ್ದಿನ ಬಗ್ಗೆ ಮಾತ್ರ ಹೇಳಿದ್ದು," ಎಂದು ಕೋಲಿನ ಬಳೆ ತಿರುವುತ್ತ ಕೂತರು. ಕಡೆಗೆ ನರ್ಸ್, "ಅಯ್ಯೋ ಟೀಚರ್, ಆಮೇಲೆ ಬಂದ ಆಸಾಮಿ ನಮ್ಮನೆ ನೆಲ ಹಾಸಿದ್ದು ನೋಡ್ಬೇಕು, ಚೆಂಡು ಬಿಟ್ರೆ ತಾನೇ ಮೂಲೆಗೆ ಹೋಗಿ ಕೂರುತ್ತೆ," ಎಂದಳು. ಒಂದಿಬ್ಬರು ನಕ್ಕರು. ಆದರೆ ಆರು ವರ್ಷದ ಹಿಂದಿನಂತೆ ಛಾವಣಿ ಹಾರುವಷ್ಟು ಅಲ್ಲ. ಹಳೇ ನಗು ಓಡಿಹೋದಷ್ಟು ದೂರ ಈ ಮಾತು ಹೋಗುವುದಿಲ್ಲ ಎಂದು ಟೀಚರ್‌ಗೆ ಆಗಲೇ ಗೊತ್ತಾಯಿತು. ನಗುವಿಗೆ ಕಾಲಿರುತ್ತದೆ, ತಪ್ಪೊಪ್ಪಿಗೆಯನ್ನು ಹೊತ್ತುಕೊಂಡು ಹೋಗಬೇಕು. ಆ ವಾರವೆಲ್ಲ ಅವಳೇ ಹೊತ್ತುಕೊಂಡು ಹೋದಳು, ಮೂವರು ಗುತ್ತಿಗೆದಾರರ ಕಚೇರಿಗೆ, ಆ ನಾಲ್ಕು ಅಂಗಡಿಗಳಿಗೆ. ಕೆಲವರು ಕೂರಿಸಿ ಕೇಳಿದರು. ಒಬ್ಬ, "ಆಗ್ಲಿ ಮೇಡಂ, ಅದಕ್ಯಾಕೆ ಇಷ್ಟು ದೂರ ಬಂದ್ರಿ," ಎಂದು ಫೋನು ಎತ್ತಿಕೊಂಡ.

ತಾಯಿ ಹೇಳಿಕಳಿಸಿದ್ದಕ್ಕೆ ಮೇಸ್ತ್ರಿ ಒಂದು ಭಾನುವಾರ ಬಂದರು. ಹಾಲಿನ ಗುಂಡಿಗೆ ಟೈಲು ಬೇಕಿತ್ತು. ಆ ನಮೂನೆ ಗೋದಾಮಿನಲ್ಲೂ ಇರಲಿಲ್ಲ. ಹತ್ತಿರದ ಬಣ್ಣದ್ದು ಒಂದನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಬಾಗಿಲ ಹೊರಗೆ ಚಪ್ಪಲಿ ಜೋಡಿಸಿಟ್ಟು ಒಳಗೆ ಬಂದು, ಮೊದಲು ಹಾಲಿನ ಉದ್ದಕ್ಕೂ ಒಮ್ಮೆ ನಡೆದರು. ಕಣ್ಣು ಅರ್ಧ ಮುಚ್ಚಿತ್ತು. ತಾಯಿ ಬಾಗಿಲಲ್ಲಿ ನಿಂತು ನೋಡಿದಳು. "ಎಲ್ಲಾದ್ರೂ ತಗ್ಗು ಬಂದಿದೆಯಾ ಮೇಸ್ತ್ರಿ?"

"ಇಲ್ಲ ದೊಡ್ಡಮ್ಮ. ಕೂತಿದೆ."

ಒಂದು ಗಂಟೆ ಮಂಡಿಯೂರಿ ಕೆಲಸ ಮಾಡಿದರು. ಹೊಸ ಟೈಲು ಸರಿಯಾಗಿ ಕೂತರೂ ಬಣ್ಣ ಕೂಡಲಿಲ್ಲ. ಹಾಲಿನ ನಡುವೆ ತೇಪೆಯ ಹಾಗೆ ಕಾಣುತ್ತದೆ. ಬಂದವರು ಇದೇನೆಂದು ಕೇಳುತ್ತಾರೆ, ಕೇಳಿದಾಗಲೆಲ್ಲ ಟೀಚರ್ ಮೊದಲಿಂದ ಹೇಳಬೇಕಾಗುತ್ತದೆ. ಅವರು ಹೊರಡುವಾಗ ನರ್ಸ್ ಗೇಟಿನಲ್ಲಿ ಕಾದಿದ್ದಳು. "ಮೇಸ್ತ್ರಿ, ನಮ್ಮನೆ ನೆಲ ಕಿತ್ತು ಹೊಸದಾಗಿ ಹಾಸಿಕೊಡ್ತೀರಾ? ನಿಮಗೆ ಯಾವಾಗ ಬಿಡುವೋ ಆಗ."

"ಮಂಡಿ ಈಗ ಮೊದಲಿನ ಹಾಗೆ ಬಗ್ಗಲ್ಲ ತಾಯಿ. ಬೇರೆ ಯಾರನ್ನಾದ್ರೂ ನೋಡಿ," ಎಂದರು ಮೇಸ್ತ್ರಿ, ನಗುತ್ತಲೇ.

ಆ ಮಂಡಿಗಳು ಒಂದು ಗಂಟೆ ಸರಾಗವಾಗಿ ಬಗ್ಗಿದ್ದನ್ನು ಟೀಚರ್ ಕಣ್ಣಾರೆ ನೋಡಿದ್ದಳು. ಬೀದಿಯ ತಿರುವಿನವರೆಗೂ ಜೊತೆಗೆ ಹೋಗಿ, "ಬರ್ತಾ ಇರಿ ಮೇಸ್ತ್ರಿ, ಅಮ್ಮನ್ನ ನೋಡೋಕಾದ್ರೂ," ಎಂದಳು. ಅವರು ತಲೆಯಾಡಿಸಿದರು.

ಮೇಸ್ತ್ರಿ ಈಗಲೂ ಅದೇ ಗೋದಾಮಿನಲ್ಲಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಬೂಟು ಹಾಕಿಕೊಂಡು ಮೇಜಿನ ಮುಂದೆ ನಿಲ್ಲುತ್ತಾರೆ. ಬಂದ ಟೈಲುಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ತಟ್ಟಿ, ಸೀಳು ಬಿಟ್ಟವನ್ನು ಸದ್ದಿನಿಂದಲೇ ಗುರುತಿಸಿ ಪಕ್ಕಕ್ಕಿಡುತ್ತಾರೆ. ಸಂಜೆ ಐದಕ್ಕೆ ಕೆಲಸ ಮುಗಿಯುತ್ತದೆ.